ನಮ್ಮ ಕಡತ ಎಲ್ಲಿ ನಿಲ್ಲುತ್ತದೆ?

(ಹುಬ್ಬಳ್ಳಿಯಲ್ಲಿ ಸಣ್ಣ ವ್ಯಾಪಾರಿಗಳು ಮತ್ತು ಕುಶಲಕರ್ಮಿಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸರಕಾರದ ಸಾಲ ಮತ್ತು ಸಹಾಯಧನ ಯೋಜನೆಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ನನ್ನನ್ನು ಕೇಳಿಕೊಂಡರು. ಇಂತಹ ಸಭೆಗಳಲ್ಲಿ ಸಾಮಾನ್ಯವಾಗಿ ಅಧಿಕಾರಿಯೊಬ್ಬರು ಬಂದು ಯೋಜನೆಗಳ ಉದ್ದನೆಯ ಪಟ್ಟಿಯೊಂದನ್ನು ಓದುತ್ತಾರೆ. ನಾವು ಚಪ್ಪಾಳೆ ತಟ್ಟಿ, ಚಹಾ ಕುಡಿದು ಮನೆಗೆ ಹೋಗುತ್ತೇವೆ. ಮರುದಿನ ಅಂಗಡಿಗೆ ಸಾಮಾನು ತರಲು ಹಣ ಬೇಕಾದಾಗ ಮತ್ತೆ ಅದೇ ಮೀಟರ್ ಬಡ್ಡಿಯವನ ಮುಂದೆ ಕೈಚಾಚುತ್ತೇವೆ. ಆದುದರಿಂದ ಇಂದು ಪಟ್ಟಿ ಓದುವ ಇರಾದೆ ನನಗಿಲ್ಲ. ದಿಲ್ಲಿಯಿಂದಲೋ ಬೆಂಗಳೂರಿನಿಂದಲೋ ಹೊರಟ ಹಣ ದುರ್ಗದ ಬೈಲಿನ ಕೈಗಾಡಿಯವರೆಗೆ, ಹಳೇ ಹುಬ್ಬಳ್ಳಿಯ ವೆಲ್ಡಿಂಗ್ ಅಂಗಡಿಯವರೆಗೆ ಏಕೆ ತಲುಪುವುದಿಲ್ಲ, ನಡುವೆ ಎಲ್ಲಿ ನಿಲ್ಲುತ್ತದೆ ಎಂಬುದನ್ನಷ್ಟೇ ಹೇಳಬೇಕೆಂದಿದ್ದೇನೆ.

ಮೊದಲು ನಾವು ಯಾರು ಎಂಬುದನ್ನು ನೋಡೋಣ. 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಮುಸ್ಲಿಮರು. 2005ರಲ್ಲಿ ನೇಮಕಗೊಂಡು 2006ರ ನವೆಂಬರ್‌ನಲ್ಲಿ ವರದಿ ಸಲ್ಲಿಸಿದ ಸಾಚಾರ್ ಸಮಿತಿಯು, ದೇಶದ ಮುಸ್ಲಿಮ್ ದುಡಿಮೆಗಾರರಲ್ಲಿ ನೂರಕ್ಕೆ ಸುಮಾರು 61 ಮಂದಿ ಸ್ವಂತ ಉದ್ಯೋಗದವರು ಎಂದು ಹೇಳಿತು. ಅಂದರೆ ಸಂಬಳದವರಿಗಿಂತ ಗಲ್ಲಾಪೆಟ್ಟಿಗೆಯವರೇ ನಮ್ಮಲ್ಲಿ ಹೆಚ್ಚು. ಗ್ಯಾರೇಜು, ಟೈಲರಿಂಗ್, ಬೇಕರಿ, ಗುಜರಿ, ಹಣ್ಣಿನ ಗಾಡಿ, ಗಾರೆ ಕೆಲಸ, ಹಾಸಿಗೆ ಅಂಗಡಿ, ಬಳೆ ವ್ಯಾಪಾರ, ಆಟೋ ರಿಕ್ಷಾ ಇತ್ಯಾದಿಗಳೇ ನಮ್ಮ ಜೀವನಾಧಾರ. ಬಂಡವಾಳದ ಅಗತ್ಯ ಉಳಿದವರಿಗಿಂತ ಹೆಚ್ಚಾಗಿರುವ ಈ ಸಮುದಾಯಕ್ಕೆ ಬ್ಯಾಂಕುಗಳಿಂದ ದೊರೆತುದೆಷ್ಟು? ಆದ್ಯತಾ ವಲಯದ ಸಾಲ ಖಾತೆಗಳ ಸಂಖ್ಯೆಯಲ್ಲಿ ಮುಸ್ಲಿಮರ ಪಾಲು ಶೇ. 12ರ ಆಸುಪಾಸಿನಲ್ಲಿದ್ದರೂ ಸಾಲದ ಮೊತ್ತದಲ್ಲಿ ಅದು ಶೇ. 5ನ್ನೂ ಮುಟ್ಟಿರಲಿಲ್ಲ ಎಂದು ಅದೇ ವರದಿ ತೋರಿಸಿತು. ಮುಸ್ಲಿಮ್ ಬಾಹುಳ್ಯದ ಕೆಲವು ಬಡಾವಣೆಗಳನ್ನು ಕೆಲವು ಬ್ಯಾಂಕುಗಳು ನಕಾರಾತ್ಮಕ ವಲಯಗಳೆಂದು ಗುರುತಿಸಿಟ್ಟಿದ್ದವು ಎಂಬ ಸಂಗತಿಯೂ ಅದರಲ್ಲಿದೆ. ತಾರತಮ್ಯ ಇಲ್ಲ ಎಂದು ಹೇಳುವವರ ಮುಂದೆ ಈ ಪುಟಗಳನ್ನು ಇಡಬೇಕು. ಅದನ್ನು ನಾನು ಮರೆಮಾಚುವುದಿಲ್ಲ.

ಆದರೆ ಸ್ನೇಹಿತರೇ, ಆ ವರದಿ ಬಂದು ಇಷ್ಟು ವರ್ಷಗಳಾದ ಮೇಲೂ ಪ್ರತಿಯೊಂದು ತಿರಸ್ಕೃತ ಅರ್ಜಿಗೂ ಅದೊಂದೇ ಉತ್ತರವನ್ನು ಕೊಡುತ್ತಾ ಕೂರುವುದು ಸರಿಯೇ? ಅರ್ಜಿದಾರರೊಂದಿಗೆ ನಾನು ಹಲವು ಬಾರಿ ಬ್ಯಾಂಕಿನ ಮೆಟ್ಟಿಲು ಹತ್ತಿದ್ದೇನೆ. ಒರಟಾಗಿ ಮಾತನಾಡಿದ ಮ್ಯಾನೇಜರರನ್ನೂ, ಎದ್ದು ಬಂದು ಕುರ್ಚಿ ಕೊಟ್ಟವರನ್ನೂ ಕಂಡಿದ್ದೇನೆ. ಯಾವ ಶಾಖೆ ಎಂಬುದು ಇಲ್ಲಿ ಮುಖ್ಯವಲ್ಲ. ಆ ಕಡತಗಳನ್ನು ಮನೆಗೆ ತಂದು ಬಿಚ್ಚಿ ನೋಡಿದಾಗ ಕಂಡದ್ದನ್ನು ಹೇಳುತ್ತೇನೆ.

ವೆಲ್ಡಿಂಗ್ ಕೆಲಸ ಮಾಡುವ ಒಬ್ಬ ಯುವಕನ ಕಡತ. ಹತ್ತು ವರ್ಷದ ಅನುಭವ, ಕೈತುಂಬ ಕೆಲಸ, ಗಿರಾಕಿಗಳಿಗೆ ಬರವಿಲ್ಲ. ಕೇಳಿದ್ದು ಎರಡು ಲಕ್ಷ ರೂಪಾಯಿ. ಅಂಗಡಿ ಬಾಡಿಗೆಯದು, ಆದರೆ ಕರಾರುಪತ್ರವಿಲ್ಲ. ಮಾಲೀಕರು ಅಬ್ಬಾಜಾನರ ಕಾಲದ ಸ್ನೇಹಿತರಾದುದರಿಂದ ಬಾಯಿಮಾತಿನಲ್ಲೇ ಎಲ್ಲವೂ ನಡೆದಿದೆ. ಪಾಲಿಕೆಯ ವ್ಯಾಪಾರ ಪರವಾನಗಿ ಒಮ್ಮೆ ಮಾಡಿಸಿದ್ದು, ಮತ್ತೆ ನವೀಕರಿಸಿಲ್ಲ. ಗಿರಾಕಿಗಳು ಮೊಬೈಲಿನಲ್ಲಿ ಕಳುಹಿಸುವ ಹಣವೆಲ್ಲ ತಮ್ಮನ ಖಾತೆಗೆ ಹೋಗುತ್ತದೆ, ಏಕೆಂದರೆ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡ್ ತಮ್ಮನದು. ಹೀಗಾಗಿ ಈತನ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೆ ನಾಲ್ಕು ನಮೂದುಗಳೂ ಇಲ್ಲ. ಮದುವೆಯಾದ ಅಕ್ಕನ ಮನೆಯವರು ಬೈಕ್ ಕೊಂಡಾಗ ಈತ ಜಾಮೀನು ಹಾಕಿದ್ದ. ಅವರು ಆರು ಕಂತು ಕಟ್ಟಲಿಲ್ಲ, ಈತನ ಸಿಬಿಲ್ ಅಂಕ ಬಿದ್ದುಹೋಯಿತು. ಅದು ಈತನಿಗೆ ಗೊತ್ತಾದದ್ದು ಬ್ಯಾಂಕಿನ ಮೇಜಿನ ಮುಂದೆ. ಇನ್ನು ಹೆಸರು. ಆಧಾರ್‌ನಲ್ಲಿ ಮೊಹಮ್ಮದ್, ಪಾನ್ ಕಾರ್ಡಿನಲ್ಲಿ ಎಂಡಿ, ಪಡಿತರ ಚೀಟಿಯಲ್ಲಿ ಮಹಮ್ಮದ. ಅಡ್ಡಹೆಸರು ಒಂದರಲ್ಲಿದೆ, ಇನ್ನೊಂದರಲ್ಲಿ ಇಲ್ಲ. ಕಂಪ್ಯೂಟರಿಗೆ ಇವರು ಮೂವರು ಬೇರೆ ಬೇರೆ ಮನುಷ್ಯರು!

ಇದು ಒಬ್ಬನ ಕಥೆಯಲ್ಲ. ಹೆಂಗಸರ ಕಡತಗಳಲ್ಲಿ ಇದು ಇನ್ನೂ ಹೆಚ್ಚು. ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು. ಒಂದು ಕಡೆ ಬೀ, ಮತ್ತೊಂದು ಕಡೆ ಬೇಗಂ. ಉತ್ತರ ಕರ್ನಾಟಕದ ನಮ್ಮ ಮನೆತನಗಳಿಗೆ ಊರಿನ ಹೆಸರು, ಕಸುಬಿನ ಹೆಸರು ಅಡ್ಡಹೆಸರಾಗಿರುವುದರಿಂದ, ಬರೆಯುವ ಗುಮಾಸ್ತ ಯಾವುದನ್ನು ಹಿಡಿದನೋ ಅದೇ ಶಾಶ್ವತವಾಯಿತು. ಇದನ್ನು ಸರಿಪಡಿಸಲು ಬೇಕಾದ ಖರ್ಚು ಅತ್ಯಲ್ಪ, ಆದರೆ ದಿನಗಳು ಬೇಕು. ಸಾಲ ಬೇಕಾದ ವಾರದಲ್ಲಿ ಅದು ಆಗುವುದಿಲ್ಲ. ಈ ಕೆಲಸವನ್ನು ಯಾವ ಮಂತ್ರಿಯೂ ನಮಗಾಗಿ ಮಾಡಿಕೊಡಲಾರ.

ಕುರ್‌ಆನಿನ ಅತಿ ದೀರ್ಘವಾದ ವಚನ ಯಾವುದರ ಕುರಿತು ಎಂದು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಉತ್ತರಿಸಿಯಾರು? ಅದು ಅಲ್ ಬಕರ ಅಧ್ಯಾಯದ 282ನೇ ವಚನ. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿಗಳನ್ನು ಇರಿಸಿಕೊಳ್ಳಬೇಕು, ಮೊತ್ತ ಸಣ್ಣದೆಂದು ಬರೆಯಲು ಉದಾಸೀನ ಮಾಡಬಾರದು ಎಂಬುದೇ ಅದರ ವಿಷಯ. ಅದನ್ನು ರಾಗವಾಗಿ ಓದುತ್ತೇವೆ. ಅಂಗಡಿಯಲ್ಲಿ ಲೆಕ್ಕದ ಪುಸ್ತಕ ಇಡುವುದಿಲ್ಲ. ಬ್ಯಾಂಕಿಗೆ ತೋರಿಸಲು ಬೇಡ, ನಿಮ್ಮ ಮಗನಿಗೆ ತೋರಿಸಲಾದರೂ ಒಂದು ಪುಸ್ತಕ ಬೇಡವೇ?

ಈಗ ಯೋಜನೆಗಳಿಗೆ ಬರುತ್ತೇನೆ. ಎಲ್ಲವನ್ನೂ ಹೇಳುವುದಿಲ್ಲ. ಜನರು ತಪ್ಪು ಬಾಗಿಲು ತಟ್ಟುವ ಕೆಲವನ್ನು ಮಾತ್ರ ಹೇಳುತ್ತೇನೆ.

ಅತಿ ಹೆಚ್ಚು ಹೆಸರು ಕೇಳಿರುವುದು ಮುದ್ರಾ. 2015ರ ಏಪ್ರಿಲ್‌ನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಐವತ್ತು ಸಾವಿರದವರೆಗೆ ಶಿಶು, ಐದು ಲಕ್ಷದವರೆಗೆ ಕಿಶೋರ, ಹತ್ತು ಲಕ್ಷದವರೆಗೆ ತರುಣ ಎಂಬ ಹಂತಗಳಿವೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ ಇಪ್ಪತ್ತು ಲಕ್ಷದವರೆಗೆ ನೀಡುವುದಾಗಿ 2024ರ ಬಜೆಟ್ಟಿನಲ್ಲಿ ಪ್ರಕಟಿಸಲಾಯಿತು. ಎರಡು ತಪ್ಪು ಕಲ್ಪನೆಗಳು ಇಲ್ಲಿವೆ. ಒಂದನೆಯದಾಗಿ, ಮುದ್ರಾ ಎಂಬುದು ಸಹಾಯಧನವಲ್ಲ, ಸಾಲ; ಕೊಡುವುದು ಬ್ಯಾಂಕು ಅಥವಾ ಹಣಕಾಸು ಸಂಸ್ಥೆ, ಅದರ ಹಿಂದೆ ಖಾತರಿಯ ವ್ಯವಸ್ಥೆಯಿದೆ ಅಷ್ಟೆ. ‘ಮುದ್ರಾದಲ್ಲಿ ಅರ್ಧ ಮಾಫಿ’ ಎಂದು ಹೇಳಿ ಹಣ ಕೀಳುವ ದಲ್ಲಾಳಿಗಳು ಹೇಳುವುದು ಶುದ್ಧ ಸುಳ್ಳು. ಎರಡನೆಯದಾಗಿ, ಮೈಕ್ರೋಫೈನಾನ್ಸ್ ಸಂಸ್ಥೆಗಳು ಕೊಡುವ ಸಾಲವೂ ಮುದ್ರಾ ಲೆಕ್ಕಕ್ಕೆ ಸೇರುತ್ತದೆ. ಆದುದರಿಂದ ಮುದ್ರಾ ಎಂಬ ಹೆಸರಿದ್ದ ಮಾತ್ರಕ್ಕೆ ಬಡ್ಡಿದರ ಕಡಿಮೆ ಎಂದು ಭಾವಿಸಬಾರದು. ಇನ್ನೊಂದು ಮಾತು. ಸಣ್ಣ ಉದ್ದಿಮೆಗಳಿಗೆ ಹತ್ತು ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಅಡಮಾನ ಕೇಳಬಾರದು ಎಂದು ರಿಸರ್ವ್ ಬ್ಯಾಂಕು 2010ರಲ್ಲೇ ಸೂಚಿಸಿದೆ. ಮನೆಯ ಉತಾರ ತನ್ನಿ ಎಂದರೆ ಈ ಮಾತನ್ನು ವಿನಯದಿಂದ ನೆನಪಿಸಿ.

ಹೊಸದಾಗಿ ಘಟಕ ಆರಂಭಿಸುವವರಿಗೆ ನಿಜವಾಗಿ ಲಾಭದಾಯಕವಾದುದು ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ. 2008ರಲ್ಲಿ ಎರಡು ಹಳೆಯ ಯೋಜನೆಗಳನ್ನು ಕೂಡಿಸಿ ಇದನ್ನು ರೂಪಿಸಲಾಯಿತು. 2022ರ ಪರಿಷ್ಕೃತ ನಿಯಮದಂತೆ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿ ಯೋಜನಾ ವೆಚ್ಚದ ಮಿತಿ. ಅಲ್ಪಸಂಖ್ಯಾತರು ಮತ್ತು ಮಹಿಳೆಯರು ವಿಶೇಷ ವರ್ಗದಲ್ಲಿ ಬರುತ್ತಾರೆ, ನಗರದಲ್ಲಿ ಶೇ. 25, ಗ್ರಾಮಾಂತರದಲ್ಲಿ ಶೇ. 35 ಸಹಾಯಧನ. ಕೈಯಿಂದ ಹಾಕಬೇಕಾದುದು ಶೇ. 5 ಮಾತ್ರ. ಹುಬ್ಬಳ್ಳಿಯ ಸಹೋದರಿಯೊಬ್ಬರು ನಾಲ್ಕು ಲಕ್ಷದ ಹೊಲಿಗೆ ಘಟಕ ಹಾಕುತ್ತಾರೆಂದುಕೊಳ್ಳಿ. ಅವರು ಇಪ್ಪತ್ತು ಸಾವಿರ ಹಾಕಿದರೆ ಬ್ಯಾಂಕು ಮೂರು ಲಕ್ಷ ಎಂಬತ್ತು ಸಾವಿರ ಕೊಡುತ್ತದೆ. ಸಹಾಯಧನದ ಒಂದು ಲಕ್ಷ ಅವರ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಇರುತ್ತದೆ, ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಹಾಕುವಂತಿಲ್ಲ. ಘಟಕ ನಡೆಯುತ್ತಿದೆ ಎಂದು ಪರಿಶೀಲನೆಯಾದ ಬಳಿಕ ಅದನ್ನು ಸಾಲಕ್ಕೆ ಹೊಂದಿಸಲಾಗುತ್ತದೆ. ಸಹಾಯಧನ ಸಿಕ್ಕ ಕೂಡಲೇ ಘಟಕಕ್ಕೆ ಬೀಗ ಹಾಕಬಹುದು ಎಂದು ಹೇಳಿಕೊಟ್ಟವರ ಮಾತು ಕೇಳಿದರೆ ಸಹಾಯಧನವೂ ಹೋಗುತ್ತದೆ, ಮುಂದಿನ ಸಾಲದ ದಾರಿಯೂ ಮುಚ್ಚುತ್ತದೆ.

ಮುಖ್ಯವಾದ ಅಂಶವೆಂದರೆ ಈ ಯೋಜನೆ ಹೊಸ ಘಟಕಗಳಿಗೆ ಮಾತ್ರ. ಈಗಾಗಲೇ ನಡೆಯುತ್ತಿರುವ ಅಂಗಡಿಯ ಫೋಟೋ ಅಂಟಿಸಿ ಅರ್ಜಿ ಹಾಕಿದವರ ಕಡತ ಅಲ್ಲಿಯೇ ನಿಲ್ಲುತ್ತದೆ. ಅಂಥವರು ಮುದ್ರಾಕ್ಕೆ ಹೋಗಬೇಕು. ಬೀಡಿ, ಪಾನ್, ಮಾಂಸ ಸಂಸ್ಕರಣೆಯಂತಹ ಕಸುಬುಗಳನ್ನು ಈ ಯೋಜನೆಯಿಂದ ಹೊರಗಿಡಲಾಗಿದ್ದು, ಮಾಂಸಾಹಾರಿ ಹೋಟೆಲುಗಳಿಗೆ ನಂತರ ಅವಕಾಶ ನೀಡಲಾಯಿತು. ನಮ್ಮವರ ಎಷ್ಟೋ ಅರ್ಜಿಗಳು ಈ ಕಾರಣಕ್ಕೆ ಮರಳಿದ್ದುಂಟು. ಯೋಜನೆಗಳ ಅವಧಿ, ಮಿತಿಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮುನ್ನ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಆ ವರ್ಷದ ನಿಯಮವನ್ನು ಕೇಳಿಕೊಳ್ಳಿ.

ಬೀದಿ ಬದಿ ವ್ಯಾಪಾರಿಗಳಿಗೆ 2020ರ ಜೂನ್‌ನಲ್ಲಿ, ಲಾಕ್‌ಡೌನ್‌ನ ಸಂಕಟದ ನಡುವೆ, ಸ್ವನಿಧಿ ಯೋಜನೆ ಬಂತು. ಮೊದಲು ಹತ್ತು ಸಾವಿರ, ತೀರಿಸಿದರೆ ಇಪ್ಪತ್ತು ಸಾವಿರ, ಆ ಬಳಿಕ ಐವತ್ತು ಸಾವಿರ. ಸಮಯಕ್ಕೆ ಕಟ್ಟಿದವರಿಗೆ ಶೇ. 7 ಬಡ್ಡಿ ಸಹಾಯಧನ. 2025ರ ಆಗಸ್ಟ್‌ನಲ್ಲಿ ಇದನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ ಮೊದಲ ಕಂತನ್ನು 15 ಸಾವಿರಕ್ಕೂ ಎರಡನೆಯದನ್ನು 25 ಸಾವಿರಕ್ಕೂ ಏರಿಸಲಾಯಿತು. ಇದಕ್ಕೆ ಬೇಕಾದುದು ಪಾಲಿಕೆಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ. ಜನತಾ ಬಜಾರಿನಲ್ಲಿ ಇಪ್ಪತ್ತು ವರ್ಷದಿಂದ ಹಣ್ಣು ಮಾರುವವರ ಬಳಿಯೂ ಆ ಚೀಟಿ ಇಲ್ಲವೆಂದರೆ ಸಮೀಕ್ಷೆ ಮಾಡುವವರು ಬಂದ ದಿನ ಗಾಡಿ ತಳ್ಳಿಕೊಂಡು ಓಡಿಹೋಗಿದ್ದೇ ಕಾರಣವಿರಬಹುದು. ಪಾಲಿಕೆಯವರು ಬಂದರೆಂದರೆ ಎತ್ತಂಗಡಿ ಎಂಬ ಭಯ ಅವರದು. ಆ ಭಯ ಹುಟ್ಟಿಸಿದವರು ಯಾರು ಎಂಬುದನ್ನು ಪಾಲಿಕೆಯೂ ಯೋಚಿಸಬೇಕು.

ವಿಶ್ವಕರ್ಮ ಯೋಜನೆಯನ್ನು 2023ರ ಸೆಪ್ಟೆಂಬರ್‌ನಲ್ಲಿ ಆರಂಭಿಸಲಾಯಿತು. ಹೆಸರು ಕೇಳಿ ನಮ್ಮದಲ್ಲ ಎಂದುಕೊಂಡವರು ಅನೇಕರು. ಅದು ಜಾತಿಯ ಯೋಜನೆಯಲ್ಲ, ಕಸುಬಿನ ಯೋಜನೆ. ಹದಿನೆಂಟು ಕಸುಬುಗಳಲ್ಲಿ ದರ್ಜಿ, ಬಡಗಿ, ಗಾರೆಯವ, ಕ್ಷೌರಿಕ, ಕಮ್ಮಾರ, ಬೀಗ ಮಾಡುವವ ಎಲ್ಲರೂ ಇದ್ದಾರೆ. ತರಬೇತಿಯ ಕಾಲದಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15 ಸಾವಿರ, ಶೇ. 5ರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ನಂತರ ಎರಡು ಲಕ್ಷ ಸಾಲ. ಆದರೆ ಗ್ಯಾರೇಜಿನ ಮೆಕ್ಯಾನಿಕ್ ಅದರಲ್ಲಿಲ್ಲ. ಹತ್ತಿ ಹಿಂಜುವ ನಮ್ಮ ನದಾಫ ಬಾಂಧವರ ಕಸುಬೂ ಇಲ್ಲ, ಕಲಾಯಿ ಹಾಕುವವರೂ ಇಲ್ಲ. ಪಟ್ಟಿ ಮಾಡಿದವರು ಉತ್ತರ ಕರ್ನಾಟಕದ ಸಂತೆಯೊಂದನ್ನು ಸುತ್ತಿ ಬಂದಿದ್ದರೆ ಹಿಂಜುವವರನ್ನು ಬಿಡುತ್ತಿರಲಿಲ್ಲವೇನೋ.

ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು 1986ರಿಂದ ಇದೆ. ಅದರ ಶ್ರಮಶಕ್ತಿ ಯೋಜನೆಯ ಲೆಕ್ಕವನ್ನು ಗಮನಿಸಿ. ಐವತ್ತು ಸಾವಿರ ಸಾಲ, ಶೇ. 4 ಬಡ್ಡಿ. ಮೂವತ್ತಾರು ತಿಂಗಳೊಳಗೆ ಅರ್ಧವನ್ನು ಕಟ್ಟಿದರೆ ಉಳಿದರ್ಧ ಸಹಾಯಧನವಾಗುತ್ತದೆ. ಕಟ್ಟದಿದ್ದರೆ ಆ ಅರ್ಧವೂ ಸಾಲವೇ. ಇಷ್ಟು ಉದಾರವಾದ ಯೋಜನೆಯಲ್ಲೂ ಮರುಪಾವತಿ ಮಾಡದೆ ಕೂರುವವರಿದ್ದಾರೆ. ‘ಸರಕಾರದ ಹಣ, ನಮ್ಮ ಹಕ್ಕು’ ಎಂಬ ವಾದ ಅವರದು. ಅವರು ಕಟ್ಟದ ಪ್ರತಿಯೊಂದು ಸಾವಿರ ರೂಪಾಯಿಯೂ ಮುಂದಿನ ವರ್ಷ ಸಾಲಿನಲ್ಲಿ ನಿಲ್ಲುವ ವಿಧವೆಯೊಬ್ಬರಿಗೆ ಸಿಗಬೇಕಾಗಿದ್ದ ಹಣ. ಇನ್ನು ಆಯ್ಕೆಯ ವಿಷಯ. ನಿಗಮಗಳ ಹಲವು ಯೋಜನೆಗಳಲ್ಲಿ ಫಲಾನುಭವಿಗಳ ಆಯ್ಕೆ ಶಾಸಕರ ಅಧ್ಯಕ್ಷತೆಯ ಸಮಿತಿಯ ಕೈಯಲ್ಲಿರುತ್ತದೆ. ಅರ್ಜಿಗಿಂತ ಮೊದಲು ಶಾಸಕರ ಆಪ್ತರನ್ನು ಹುಡುಕುವ ಪರಿಪಾಠ ಬೆಳೆದುದು ಇದರಿಂದಲೇ. ಅರ್ಹತೆ ಇರುವವನು ಬಾಗಿಲಲ್ಲಿ ನಿಲ್ಲುತ್ತಾನೆ, ಚುನಾವಣೆಯಲ್ಲಿ ಬಾವುಟ ಹಿಡಿದವನು ಒಳಗೆ ಕೂರುತ್ತಾನೆ. ಪಕ್ಷ ಯಾವುದೇ ಇರಲಿ, ಈ ಪದ್ಧತಿ ಬದಲಾಗಬೇಕು. ಆಯ್ಕೆಯಾದವರ ಪಟ್ಟಿಯನ್ನು ಕಾರಣಸಹಿತ ಕಚೇರಿಯ ಗೋಡೆಗೆ ಹಚ್ಚಿ ಎಂದು ನಾವು ಒಟ್ಟಾಗಿ ಕೇಳಬೇಕು.

ರಾಜಕೀಯದ ಗದ್ದಲದ ಬಗ್ಗೆ ಒಂದು ಮಾತು. 2025ರ ಮಾರ್ಚ್‌ನಲ್ಲಿ ಸರಕಾರಿ ಗುತ್ತಿಗೆಗಳಲ್ಲಿ ಪ್ರವರ್ಗ 2ಬಿಗೆ ಶೇ. 4 ಮೀಸಲಾತಿ ನೀಡುವ ಮಸೂದೆ ವಿಧಾನಮಂಡಲದಲ್ಲಿ ಅಂಗೀಕಾರವಾಯಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳಿಗೆ ಕಾದಿರಿಸಿದರು. ದಿಲ್ಲಿಯವರೆಗೂ ಕೂಗಾಟವಾಯಿತು. ಒಂದು ಪಕ್ಷಕ್ಕೆ ನಮ್ಮ ಹೆಸರಿನಲ್ಲಿ ಔದಾರ್ಯದ ಕೀರ್ತಿ, ಇನ್ನೊಂದಕ್ಕೆ ನಮ್ಮ ಹೆಸರಿನಲ್ಲಿ ಓಲೈಕೆಯ ಆರೋಪ. ಕೋಟಿ ರೂಪಾಯಿ ಗುತ್ತಿಗೆ ಹಿಡಿಯಬಲ್ಲವರು ಈ ಸಭಾಂಗಣದಲ್ಲಿ ಎಷ್ಟು ಮಂದಿ ಇದ್ದೀರಿ? ನ್ಯಾಯಯುತ ಪಾಲನ್ನು ಕೇಳುವುದು ತಪ್ಪಲ್ಲ. ಆದರೆ ಆ ಗದ್ದಲದ ತಿಂಗಳುಗಳಲ್ಲಿ ಐವತ್ತು ಸಾವಿರದ ಶ್ರಮಶಕ್ತಿಗೆ ಅರ್ಜಿ ಹಾಕಿದ ಟೈಲರನ ಕಡತ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ಈಗ ಎಲ್ಲರ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರೋಣ. ‘ಇದೆಲ್ಲ ಬಡ್ಡಿಯ ಸಾಲವಲ್ಲವೇ?’ ಬಡ್ಡಿ ನಿಷಿದ್ಧ, ಅದರಲ್ಲಿ ಎರಡು ಮಾತಿಲ್ಲ. ಯಾರಿಗೆ ಯಾವ ಸ್ಥಿತಿಯಲ್ಲಿ ವಿನಾಯಿತಿ ಇದೆ ಎಂದು ಹೇಳುವ ಅಧಿಕಾರ ನನಗಿಲ್ಲ, ಅದನ್ನು ನೀವು ನಂಬುವ ವಿದ್ವಾಂಸರಲ್ಲಿ ನಿಮ್ಮ ಲೆಕ್ಕದ ಸಮೇತ ಕೇಳಿ. ನಾನು ಕೇಳುವುದು ಬೇರೆ. ಬ್ಯಾಂಕಿನ ಬಡ್ಡಿಗೆ ಹೆದರಿ ದೂರ ಸರಿದ ನಮ್ಮ ವ್ಯಾಪಾರಿ ಎಲ್ಲಿಗೆ ಹೋದ? ಬೆಳಿಗ್ಗೆ ಒಂಬತ್ತು ಸಾವಿರ ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲು ಮಾಡುವವನ ಬಳಿಗೆ. ಒಂದು ಸಾವಿರ ತಾನೇ ಹೆಚ್ಚು ಎಂದು ಆತ ಸಮಾಧಾನ ಪಡುತ್ತಾನೆ. ದಿನದಿನಕ್ಕೂ ಅಸಲು ತೀರುತ್ತಾ ಬರುವುದರಿಂದ ಸರಾಸರಿ ಆತನ ಕೈಯಲ್ಲಿರುವುದು ನಾಲ್ಕೂವರೆ ಸಾವಿರದ ಆಸುಪಾಸು ಮಾತ್ರ. ವರ್ಷದ ಲೆಕ್ಕ ಹಾಕಿದರೆ ಬಡ್ಡಿ ಶೇ. 80ರ ಹತ್ತಿರ ಹೋಗುತ್ತದೆ! ಶೇ. 4ರ ನಿಗಮದ ಸಾಲವನ್ನು ಧರ್ಮದ ಹೆಸರಿನಲ್ಲಿ ಬಿಟ್ಟು ಶೇ. 80ರ ಸಾಲವನ್ನು ‘ಕೈಸಾಲ’ ಎಂಬ ಹೆಸರಿನಲ್ಲಿ ಒಪ್ಪಿಕೊಳ್ಳುವುದು ಯಾವ ತಖ್ವಾ?

ಗಂಡಸರ ಗತಿ ಹೀಗಾದರೆ ಹೆಂಗಸರದು ಮೈಕ್ರೋಫೈನಾನ್ಸ್. ಹತ್ತು ಮಂದಿಯ ಗುಂಪು, ಒಬ್ಬರು ಕಟ್ಟದಿದ್ದರೆ ಉಳಿದವರ ಮೇಲೆ ಒತ್ತಡ, ವಾರದ ಕಂತಿನ ದಿನ ಮನೆ ಮುಂದೆ ಕುಳಿತುಕೊಳ್ಳುವ ವಸೂಲಿಗಾರ. ವಾರ್ಷಿಕ ಶೇ. 24 ಎಂದುಕೊಂಡರೂ ಐವತ್ತು ಸಾವಿರಕ್ಕೆ ಎರಡು ವರ್ಷದಲ್ಲಿ ಸುಮಾರು ಹದಿಮೂರು ಸಾವಿರದ ನಾನೂರು ಬಡ್ಡಿಯಾಗುತ್ತದೆ. ಒಂದನ್ನು ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು. ಈ ಕಿರುಕುಳ ತಾಳಲಾರದೆ ರಾಜ್ಯದ ಹಲವೆಡೆ ಆತ್ಮಹತ್ಯೆಗಳು ನಡೆದ ಮೇಲೆ 2025ರ ಫೆಬ್ರವರಿಯಲ್ಲಿ ಸರಕಾರ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆವಾಸ ಮತ್ತು ಐದು ಲಕ್ಷದವರೆಗೆ ದಂಡ ವಿಧಿಸಲು ಅವಕಾಶ ಮಾಡಿತು. ಮನೆಯ ಮುಂದೆ ಕೂಗಾಡುವವನು ಈಗ ಕಾನೂನಿನ ಕಣ್ಣಲ್ಲಿ ಅಪರಾಧಿ ಎಂಬುದು ಪ್ರತಿಯೊಬ್ಬ ತಾಯಿಗೂ ತಿಳಿದಿರಬೇಕು.

ಬಡ್ಡಿಯ ಭಯವನ್ನು ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಬೆಂಗಳೂರಿನ ಐ.ಎಂ.ಎ. ಸಂಸ್ಥೆ ಹಲಾಲ್ ಹೂಡಿಕೆಯ ಹೆಸರಿನಲ್ಲಿ ಸಾವಿರಾರು ಮುಸ್ಲಿಮ್ ಕುಟುಂಬಗಳ ಹಣ ಸಂಗ್ರಹಿಸಿ 2019ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು. ಮಗಳ ಮದುವೆಗಿಟ್ಟ ಹಣ, ನಿವೃತ್ತಿಯ ಹಣ, ವಿಧವೆಯರ ಒಡವೆಯ ಹಣ ಅದರಲ್ಲಿತ್ತು. ಗಡ್ಡ, ಟೋಪಿ, ಸಲಾಮುಗಳನ್ನು ನೋಡಿ ಹಣ ಕೊಟ್ಟರೇ ಹೊರತು ಲೆಕ್ಕಪತ್ರವನ್ನು ಯಾರು ಕೇಳಿದರು? ಅಲ್ಲಿಯೂ ಕಾಗದ ಓದದಿರುವ ನಮ್ಮ ರೋಗವೇ ಕೆಲಸ ಮಾಡಿತು.

ಹಾಗಾದರೆ ಬಡ್ಡಿಯಿಲ್ಲದ ದಾರಿಯೇ ಇಲ್ಲವೇ? ಇದೆ, ಆದರೆ ಸರಕಾರ ಅದನ್ನು ತೆರೆದಿಲ್ಲ. 2008ರಲ್ಲಿ ರಘುರಾಮ್ ರಾಜನ್ ನೇತೃತ್ವದ ಸಮಿತಿ ಬಡ್ಡಿರಹಿತ ಬ್ಯಾಂಕಿಂಗ್ ಬಗ್ಗೆ ಶಿಫಾರಸು ಮಾಡಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕು ಆ ಪ್ರಸ್ತಾವವನ್ನು ಮುಂದುವರಿಸುವುದಿಲ್ಲ ಎಂದು ತಿಳಿಸಿತು. ಉಳಿದಿರುವುದು ಸಹಕಾರದ ದಾರಿ. ಅದು ಈ ಮಣ್ಣಿಗೆ ಹೊಸದೇನಲ್ಲ. ಏಷ್ಯಾದ ಮೊದಲ ಸಹಕಾರ ಸಂಘವೆಂದು ಹೆಸರಾದ ಕಣಗಿನಹಾಳದ ಸಂಘ 1905ರಲ್ಲಿ ಹುಟ್ಟಿದ್ದು ಇಲ್ಲಿಂದ ಹೆಚ್ಚು ದೂರದಲ್ಲಲ್ಲ. ಇಂದು ಗದಗ ಜಿಲ್ಲೆಯಲ್ಲಿರುವ ಆ ಊರು ಅಂದು ಧಾರವಾಡ ಜಿಲ್ಲೆಗೆ ಸೇರಿತ್ತು. ಸಿದ್ಧನಗೌಡ ಪಾಟೀಲರು ಹಳ್ಳಿಯ ರೈತರನ್ನು ಕೂಡಿಸಿ ಅದನ್ನು ಕಟ್ಟಿದರು. ಸಾಹುಕಾರನ ಹಂಗಿನಿಂದ ರೈತ ಹೊರಬರಬೇಕೆಂಬುದೇ ಅಂದಿನ ಸಹಕಾರ ಚಳವಳಿಯ ಆಶಯವಾಗಿತ್ತು. ರಾಜ್ಯದಲ್ಲಿ 1997ರ ಸೌಹಾರ್ದ ಸಹಕಾರಿ ಕಾಯ್ದೆ ಇದೆ. ದೇಶದ ಹಲವೆಡೆ ಬಡ್ಡಿರಹಿತ ಪತ್ತಿನ ಸಂಘಗಳು ಸೇವಾ ಶುಲ್ಕದ ಆಧಾರದಲ್ಲಿ ನಡೆಯುತ್ತಿವೆ. ಇನ್ನೂರು ಮಂದಿ ವ್ಯಾಪಾರಿಗಳು ದಿನಕ್ಕೆ ಇಪ್ಪತ್ತು ರೂಪಾಯಿ ಉಳಿಸಿದರೆ ತಿಂಗಳಿಗೆ ಒಂದು ಲಕ್ಷ ಇಪ್ಪತ್ತು ಸಾವಿರವಾಗುತ್ತದೆ. ಹತ್ತು ಕೈಗಾಡಿಯವರನ್ನು ಮೀಟರ್ ಬಡ್ಡಿಯಿಂದ ಬಿಡಿಸಲು ಅದು ಸಾಕು. ಆದರೆ ಲೆಕ್ಕಪರಿಶೋಧನೆ ಇಲ್ಲದೆ, ಆಡಳಿತ ಮಂಡಳಿಯ ಬಂಧುಗಳಿಗೆ ಸಾಲ ಕೊಡುತ್ತಾ ಹೋದರೆ ಅದೂ ಮುಳುಗುತ್ತದೆ. ಅಂಥವನ್ನೂ ನಾವು ನೋಡಿದ್ದೇವೆ.

ಓದಿದ ಯುವಕ ಯುವತಿಯರಿಗೆ ಇನ್ನೊಂದು ಬಾಗಿಲಿದೆ. ಹೊಸ ಆಲೋಚನೆಯ ಉದ್ದಿಮೆ, ಅಂದರೆ ಸ್ಟಾರ್ಟ್‌ಅಪ್‌ಗಳಿಗೆ ಕರ್ನಾಟಕ ಸರಕಾರ 2017ರಲ್ಲಿ ಆರಂಭಿಸಿದ ಎಲಿವೇಟ್ ಕಾರ್ಯಕ್ರಮದಲ್ಲಿ 50 ಲಕ್ಷದವರೆಗೆ ಅನುದಾನ ದೊರೆಯುತ್ತದೆ. ಅದು ಸಾಲವಲ್ಲ. ಬಡ್ಡಿಯೂ ಇಲ್ಲ, ಕಂಪನಿಯಲ್ಲಿ ಸರಕಾರಕ್ಕೆ ಪಾಲೂ ಇಲ್ಲ. ಬಡ್ಡಿಯ ಕಾರಣಕ್ಕೆ ಹಿಂಜರಿಯುವ ಮನೆಗಳ ಮಕ್ಕಳು ಮೊದಲು ನೋಡಬೇಕಾದುದೇ ಇದನ್ನು. ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನದ ದೊಡ್ಡ ಉದ್ಯಮ ಪೋಷಣಾ ಕೇಂದ್ರವಿದೆ. 2018ರಲ್ಲಿ ರತನ್ ಟಾಟಾ ಅದರ ಉದ್ಘಾಟನೆಗೆ ಬಂದಿದ್ದರು. ಇಂಜಿನಿಯರಿಂಗ್ ಮುಗಿಸಿ ಗಲ್ಫ್ ವೀಸಾಕ್ಕೆ ಕಾಯುವ ನಮ್ಮ ಹುಡುಗರು ಆ ಕೇಂದ್ರದ ಗೇಟಿನ ಒಳಗೆ ಒಮ್ಮೆಯಾದರೂ ಹೋಗಿದ್ದಾರೆಯೇ? ಹೆಣ್ಣುಮಕ್ಕಳ ತಂದೆಯಂದಿರಿಗೂ ಇದೇ ಪ್ರಶ್ನೆ. ಪದವಿ ಕೊಡಿಸಿದಿರಿ, ಸಂತೋಷ. ಕಸೂತಿಯನ್ನೋ ಆಹಾರ ತಯಾರಿಕೆಯನ್ನೋ ಉದ್ದಿಮೆಯಾಗಿ ಬೆಳೆಸುತ್ತೇನೆ ಎಂದು ಮಗಳು ಹೇಳಿದರೆ ‘ಮದುವೆ ಆದ ಮೇಲೆ ನೋಡೋಣ’ ಎನ್ನುವುದೇಕೆ? ಪ್ರವಾದಿಯವರ ಪತ್ನಿ ಖದೀಜಾರವರು ಯಾರಾಗಿದ್ದರು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಕೊನೆಯಲ್ಲಿ ಕೆಲಸದ ಮಾತು. ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಅದಕ್ಕೆ ಐನೂರು, ಸಾವಿರ ಕೊಟ್ಟವರು ಇಲ್ಲಿದ್ದರೆ ಮುಂದೆ ಕೊಡಬೇಡಿ. ಬ್ಯಾಂಕಿಗೆ ಅರ್ಜಿ ಕೊಟ್ಟಾಗ ಸ್ವೀಕೃತಿ ಪತ್ರ ಕೇಳಿ ಪಡೆಯಿರಿ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೊಡಬೇಕೆಂಬ ನಿಯಮವಿದೆ. ಆ ಕಾಗದ ಕೈಯಲ್ಲಿದ್ದರೆ ಲೀಡ್ ಬ್ಯಾಂಕ್ ಮ್ಯಾನೇಜರರಲ್ಲಿಗೆ, ಅಲ್ಲಿಯೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ರಲ್ಲಿಗೆ ಹೋಗಬಹುದು. ಕಾಗದವಿಲ್ಲದ ದೂರು ಚಹಾದಂಗಡಿಯ ಮಾತಾಗಿಯೇ ಉಳಿಯುತ್ತದೆ. ತಾರತಮ್ಯ ನಡೆದಿದ್ದರೆ ಅದನ್ನು ಸಾಬೀತುಪಡಿಸುವುದೂ ಆ ಕಾಗದವೇ. ಸಂಘಟಕರಲ್ಲಿ ನಾನು ಕೇಳಿಕೊಂಡಿರುವುದು ಇಷ್ಟೇ: ಪ್ರತಿ ಮಸೀದಿಯ ಹೊರಕೋಣೆಯಲ್ಲಿ ಶುಕ್ರವಾರದ ನಮಾಝಿನ ನಂತರ ಎರಡು ಗಂಟೆ ಒಂದು ಮೇಜು, ಓದಿದ ಇಬ್ಬರು ಯುವಕರು, ಒಂದು ರಿಜಿಸ್ಟರು. ಬಂದವರ ಹೆಸರು, ಯಾವ ಯೋಜನೆ, ಯಾವ ಕಚೇರಿ, ಕಡತ ಎಲ್ಲಿದೆ ಎಂಬುದನ್ನು ಅದರಲ್ಲಿ ಬರೆಯಲಿ. ಮಸೀದಿಯ ನೆರೆಯಲ್ಲಿರುವ ಹಿಂದೂ, ಕ್ರೈಸ್ತ ಬಡವರು ಬಂದರೆ ಅವರ ಅರ್ಜಿಯನ್ನೂ ತುಂಬಿಕೊಡಲಿ. ಸಹೋದರಿಯರಿಗಾಗಿ ಬೇರೆ ದಿನ, ಮಹಿಳೆಯರೇ ನಡೆಸುವ ಮೇಜು ಇರಲಿ.

ಇಂದು ಬಾಗಿಲ ಬಳಿ ಅಂತಹ ಒಂದು ಮೇಜನ್ನು ಹಾಕಲಾಗಿದೆ. ಆಧಾರ್ ಮತ್ತು ಪಾನ್ ಎರಡೂ ಜೇಬಿನಲ್ಲಿ ಇರುವವರು, ಎರಡರಲ್ಲೂ ಹೆಸರು ಒಂದೇ ಆಗಿದೆಯೇ ಎಂದು ಮನೆಗೆ ಹೋಗುವ ಮುನ್ನ ಅಲ್ಲಿ ತೋರಿಸಿಕೊಂಡು ಹೋಗಿ.